ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲುತ್ತಿಲ್ಲ, ಹೀಮೋಫಿಲಿಯಾ ಇರಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಳೆಗಾಲದಲ್ಲಿ ಎಂಟು ವರ್ಷದ ಮಗನಿಗೆ ಇಂಬಳ ಕಚ್ಚಿದರೆ ಎರಡು ಮೂರು ಗಂಟೆ ರಕ್ತ ಸೋರುತ್ತಲೇ ಇರುತ್ತದೆ. ಅವನಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದೆಯೇ? ಯಾವ ಪರೀಕ್ಷೆ ಮಾಡಿಸಬೇಕು?

ಉತ್ತರ: ಇಂಬಳದ ಗಾಯ ನೋಡಿ ಏನನ್ನೂ ಹೇಳಲು ಬರುವುದಿಲ್ಲ. ರಕ್ತ ಹೆಪ್ಪುಗಟ್ಟಲು ಥ್ರಾಂಬಿನ್ ಎಂಬ ಕಿಣ್ವ ಬೇಕು. ಇಂಬಳದ ಜೊಲ್ಲು ಅದನ್ನೇ ಕಟ್ಟಿಹಾಕುತ್ತದೆ. ಹಾಗಾಗಿ ಯಾರಿಗೆ ಕಚ್ಚಿದರೂ ಗಂಟೆಗಟ್ಟಲೆ ಸೋರುವುದು ಮಾಮೂಲು. ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆ ಮಡಚಿಟ್ಟು 15 ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ. ಇಂಬಳ ಬಿಡಿಸಲು ಸುಣ್ಣ, ಹೊಗೆಸೊಪ್ಪು ನಮ್ಮಲ್ಲಿ ರೂಢಿ, ಆದರೆ ಗಾಯಕ್ಕೆ ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ ಅಷ್ಟೆ.

ನೆನಪು ಮಾಡಿಕೊಳ್ಳಬೇಕಾದ್ದು ಇಂಬಳ ಇಲ್ಲದ ಗಾಯಗಳನ್ನು. ಹಾಲುಹಲ್ಲು ಬಿದ್ದಾಗ ಮಾರನೇ ದಿನವೂ ರಕ್ತ ಬಂದಿತ್ತೇ? ಲಸಿಕೆ ಹಾಕಿದ ತೊಡೆಯಲ್ಲಿ ದೊಡ್ಡ ಗಂಟು ಕಟ್ಟಿತ್ತೇ? ಸಣ್ಣಗೆ ಬಿದ್ದರೂ ಮೊಣಕಾಲು, ಮೊಣಕೈ, ಪಾದದ ಕೀಲು ಬಿಸಿಯಾಗಿ ಊದುತ್ತದೆಯೇ? ಹೀಮೋಫಿಲಿಯಾದಲ್ಲಿ ಮೇಲಿನ ಗೀರಿಗಿಂತ ಕೀಲು ಮತ್ತು ಸ್ನಾಯುವಿನೊಳಗಿನ ರಕ್ತಸ್ರಾವವೇ ಹೆಚ್ಚು ಕಾಡುವುದು. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆಯಾದ್ದರಿಂದ ಸೋದರಮಾವಂದಿರನ್ನು ವಿಚಾರಿಸಿ. ಆದರೆ ಸುಮಾರು ಮೂರರಲ್ಲಿ ಒಬ್ಬರ ಮನೆತನದಲ್ಲಿ ಯಾರಿಗೂ ಇದ್ದಿರುವುದಿಲ್ಲ.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಇನ್ನೊಂದು ಆನುವಂಶಿಕ ಕಾಯಿಲೆಯಾದ ವಾನ್ ವಿಲ್ಲೆಬ್ರಾಂಡ್ ಇದಕ್ಕಿಂತ ಸಾಮಾನ್ಯ, ಹೆಣ್ಣುಮಕ್ಕಳಿಗೂ ಬರುತ್ತದೆ. ಪದೇ ಪದೇ ಮೂಗಿನಲ್ಲಿ ರಕ್ತ, ಏಳು ದಿನ ದಾಟುವ ಮುಟ್ಟು, ಗಂಟೆಗೊಂದು ಪ್ಯಾಡ್ ತೊಯ್ಯುವುದು ಇದರ ಗುರುತು. 'ನಮ್ಮನೆ ಹೆಂಗಸರಿಗೆಲ್ಲ ಹೀಗೇ' ಎಂದು ಅಜ್ಜಿ ಸಮಾಧಾನ ಹೇಳಿದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ರೋಗಪತ್ತೆಗೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ.

ಇಂಥದ್ದೇನಾದರೂ ಇದ್ದರೆ ಮೊದಲು ಪ್ಲೇಟ್‌ಲೆಟ್ ಎಣಿಕೆ, ಪಿಟಿ ಮತ್ತು ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪರೀಕ್ಷೆಗಳು) ಮಾಡಿಸಿ. ಎಪಿಟಿಟಿ ಮಾತ್ರ ಹೆಚ್ಚಿದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಾದ ಫ್ಯಾಕ್ಟರ್ 8 ಮತ್ತು 9ರ ಮಟ್ಟ ಅಳೆಯಬೇಕು. ಶೇ. 1ಕ್ಕಿಂತ ಕಡಿಮೆಯಿದ್ದರೆ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ ಹೀಮೋಫಿಲಿಯಾ. ಎಡವಟ್ಟಾಗುವುದು ಹೆಚ್ಚಾಗಿ ರಕ್ತ ತೆಗೆಯುವಾಗಲೇ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಗೆರೆಯವರೆಗೆ ತುಂಬದಿದ್ದರೆ ಆರೋಗ್ಯವಂತರಿಗೂ ಎಪಿಟಿಟಿ ಹೆಚ್ಚು ಬರುತ್ತದೆ. ಮಾದರಿ ನಾಲ್ಕು ಗಂಟೆಯೊಳಗೆ ಯಂತ್ರ ಸೇರಬೇಕು. ಆದ್ದರಿಂದ ಊರಿನ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಸ್ಸಿನಲ್ಲಿ ಕಳಿಸುವ ಬದಲು ಮಗುವನ್ನೇ ಶಿವಮೊಗ್ಗಕ್ಕೆ ಕರೆದೊಯ್ಯುವುದು ಲೇಸು. ಇನ್ನೊಂದು ಮಾತು: ಸೌಮ್ಯ ಹೀಮೋಫಿಲಿಯಾದಲ್ಲೂ ವಾನ್ ವಿಲ್ಲೆಬ್ರಾಂಡ್‌ನಲ್ಲೂ ಎಪಿಟಿಟಿ ನಾರ್ಮಲ್ ಬರಬಹುದು. ಲಕ್ಷಣ ಬಲವಾಗಿದ್ದರೆ ರಿಪೋರ್ಟ್ ನೋಡಿ ಸುಮ್ಮನಾಗಬೇಡಿ.

ಹೀಮೋಫಿಲಿಯಾ ಎ (ಫ್ಯಾಕ್ಟರ್ 8ರ ಕೊರತೆ) ಎಂದು ಖಚಿತವಾದರೆ ಕೊರತೆಯಿರುವ ಫ್ಯಾಕ್ಟರ್ 8ನ್ನೇ ರಕ್ತನಾಳಕ್ಕೆ ಕೊಡುತ್ತಾರೆ. ಒಂದು ಕಿಲೋ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ಮಟ್ಟ ಶೇ. 2 ಏರುತ್ತದೆ. 25 ಕಿಲೋ ಹುಡುಗನ ಮೊಣಕಾಲಿನೊಳಗೆ ರಕ್ತ ಸೋರಿದರೆ ಮಟ್ಟವನ್ನು ಶೇ. 40ಕ್ಕೆ ತರಲು 500 ಯೂನಿಟ್ ಬೇಕು. ಊತ ಕಾಣುವ ಮೊದಲೇ ಕೀಲಿನಲ್ಲಿ ಜುಮ್ಮೆನ್ನುತ್ತದೆ, ಬಿಗಿಯುತ್ತದೆ, ಹೊರಡಬೇಕಾದ್ದು ಆಗಲೇ. ತಲೆಗೆ ಪೆಟ್ಟಾದರೆ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ದೂರದ ಹಳ್ಳಿಯವರು ಹೊರಡುವ ಮುನ್ನ ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿ ಫ್ಯಾಕ್ಟರ್ ಸಂಗ್ರಹ ಇದೆಯೇ ಎಂದು ಕೇಳಿಕೊಳ್ಳಬೇಕು. ಹೆಚ್ಚಿನ ಮಾರ್ಗದರ್ಶನಕ್ಕೆ ದಾವಣಗೆರೆಯಲ್ಲಿ ಕರ್ನಾಟಕ ಹೀಮೋಫಿಲಿಯಾ ಸೊಸೈಟಿ ಇದೆ. ಸೊಂಟಕ್ಕೆ ಇಂಜೆಕ್ಷನ್ ಬೇಡ, ಸ್ನಾಯುವಿನೊಳಗೆ ರಕ್ತ ಕಟ್ಟುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ.

ಜ್ವರದ ಜೊತೆ ವಸಡಿನಲ್ಲೋ ಮೂಗಿನಲ್ಲೋ ರಕ್ತ ಬಂದರೆ ಲೆಕ್ಕವೇ ಬೇರೆ. ಅದು ಡೆಂಗಿ ಇರಬಹುದು, ಅಥವಾ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ. ಕಾಡಿಗೆ ಸೊಪ್ಪು, ದರಗು ತರಲು ಹೋಗಿದ್ದನ್ನು ವೈದ್ಯರಿಗೆ ಹೇಳಿ, ಅದೇ ದಿನ ಆಸ್ಪತ್ರೆ ಸೇರಿ.