ಸೆಂಟಿನೆಲ್ ದ್ವೀಪಕ್ಕೆ ವೈದ್ಯರನ್ನಾದರೂ ಕಳುಹಿಸಬಾರದೇ?

ಪ್ರಶ್ನೆ: ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದಲ್ಲಿರುವವರೂ ಭಾರತದ ಪ್ರಜೆಗಳೇ ಅಲ್ಲವೇ? ಅಲ್ಲಿ ಹೆರಿಗೆಯಲ್ಲಿ ತಾಯಿ ಸತ್ತರೂ, ಜ್ವರದಲ್ಲಿ ಮಗು ಸತ್ತರೂ ಸರ್ಕಾರ ದೂರ ನಿಂತು ನೋಡುವುದು ಯಾವ ನ್ಯಾಯ? ಅವರನ್ನು ಮೃಗಾಲಯದಲ್ಲಿಟ್ಟಂತೆ ಇಟ್ಟಿರುವುದೇಕೆ? ನಾಲ್ಕು ಜನ ವೈದ್ಯರನ್ನಾದರೂ ಕಳುಹಿಸಬಾರದೇ?

ಉತ್ತರ: ಹೊರಗಿನವನೊಬ್ಬ ಆ ದ್ವೀಪದ ದಡ ಮುಟ್ಟಿ ಸುದ್ದಿಯಾದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಅಮೆರಿಕದ ಕ್ರೈಸ್ತ ಧರ್ಮಪ್ರಚಾರಕ ಜಾನ್ ಅಲೆನ್ ಚೌ 2018ರ ನವೆಂಬರಿನಲ್ಲಿ ಅಲ್ಲಿ ಕೊಲೆಯಾದಾಗ ಎದ್ದಿತ್ತು. 2025ರ ಮಾರ್ಚಿನಲ್ಲಿ ಮತ್ತೊಬ್ಬ ಅಮೆರಿಕನ್ ಯುವಕ ರಬ್ಬರ್ ದೋಣಿಯಲ್ಲಿ ಹೋಗಿ, ಮರಳಿನ ಮೇಲೆ ಒಂದು ತೆಂಗಿನಕಾಯಿಯನ್ನೂ ಒಂದು ಡಯಟ್ ಕೋಕ್ ಡಬ್ಬಿಯನ್ನೂ ಇಟ್ಟು ಬಂದು ಪೊಲೀಸರ ಕೈಗೆ ಸಿಕ್ಕಾಗಲೂ ಎದ್ದಿತು. ಕೇಳುವವರಲ್ಲಿ ಹೆಚ್ಚಿನವರ ಕಾಳಜಿ ನಿಜವಾದದ್ದೇ. ಆದ್ದರಿಂದ ‘ಅದು ಅವರ ಸಂಸ್ಕೃತಿ, ಬಿಟ್ಟುಬಿಡಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಾದ ಉತ್ತರವಲ್ಲ. ಆದರೆ ಸಂಪರ್ಕದ ಪ್ರಯತ್ನವೇ ಇನ್ನೂ ಆಗಿಲ್ಲ ಎಂಬ ಎಣಿಕೆ ಈ ಪ್ರಶ್ನೆಯೊಳಗೆ ಅಡಗಿದೆ. ಪ್ರಯತ್ನಗಳು ಆಗಿವೆ, ಸುಮಾರು ನೂರೈವತ್ತು ವರ್ಷಗಳ ಹಿಂದಿನಿಂದ ಆಗಿವೆ. ದೂರ ನಿಲ್ಲುವ ಇಂದಿನ ನೀತಿ ಅವುಗಳ ಫಲವನ್ನು ಕಂಡ ಮೇಲೆ ಬಂದದ್ದು.

ಪೋರ್ಟ್ ಬ್ಲೇರಿನಿಂದ (2024ರಿಂದ ಅದರ ಹೆಸರು ಶ್ರೀ ವಿಜಯ ಪುರಂ) ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಸುತ್ತಲೂ ಹವಳದ ದಿಬ್ಬಗಳಿಂದ ಆವೃತವಾದ, ಹೆಚ್ಚುಕಡಿಮೆ 60 ಚದರ ಕಿಲೋಮೀಟರ್ ವಿಸ್ತಾರದ ಕಾಡು ಈ ದ್ವೀಪ. ಅಲ್ಲಿ ಎಷ್ಟು ಜನರಿದ್ದಾರೆಂದು ಯಾರೂ ಎಣಿಸಿಲ್ಲ. 2011ರ ಜನಗಣತಿಯವರು ದೂರದಿಂದಲೇ ಕಂಡವರನ್ನು ಲೆಕ್ಕಹಾಕಿ 15 ಎಂದು ಬರೆದುಕೊಂಡರು.

ಮೊದಲ ದೊಡ್ಡ ಪ್ರಯತ್ನ 1880ರ ಜನವರಿಯಲ್ಲಿ ನಡೆಯಿತು. ಬ್ರಿಟಿಷ್ ಅಧಿಕಾರಿ ಮಾರಿಸ್ ವಿಡಾಲ್ ಪೋರ್ಟ್‌ಮನ್ ದೊಡ್ಡ ತಂಡವೊಂದನ್ನು ಕಟ್ಟಿಕೊಂಡು ದ್ವೀಪದಲ್ಲಿ ಇಳಿದಾಗ ಜನ ಗುಡಿಸಲುಗಳನ್ನು ಬಿಟ್ಟು ಕಾಡಿನೊಳಕ್ಕೆ ಸರಿದಿದ್ದರು. ಕೆಲವು ದಿನ ಹುಡುಕಿದ ಮೇಲೆ ಕೈಗೆ ಸಿಕ್ಕಿದ್ದು ಒಬ್ಬ ಮುದುಕ, ಅವನ ಹೆಂಡತಿ ಮತ್ತು ನಾಲ್ಕು ಮಕ್ಕಳು. ಆರೂ ಜನರನ್ನು ಪೋರ್ಟ್ ಬ್ಲೇರಿಗೆ ಒಯ್ದರು. ಎಲ್ಲರೂ ಬೇಗನೆ ಕಾಯಿಲೆ ಬಿದ್ದರು, ವೃದ್ಧ ದಂಪತಿ ಸತ್ತರು, ಮಕ್ಕಳನ್ನು ಬೇಕಾದಷ್ಟು ಉಡುಗೊರೆಗಳೊಂದಿಗೆ ವಾಪಸು ಕಳುಹಿಸಲಾಯಿತು. ಪೋರ್ಟ್‌ಮನ್ನನೇ ಇದನ್ನು ದಾಖಲಿಸಿದ್ದಾನೆ. ಆ ನಾಲ್ಕು ಮಕ್ಕಳು ಉಡುಗೊರೆಯ ಜೊತೆಗೆ ಯಾವ ಸೋಂಕನ್ನು ಮನೆಗೆ ಒಯ್ದರು, ಅದರಿಂದ ದ್ವೀಪದಲ್ಲಿ ಎಷ್ಟು ಜನ ಸತ್ತರು ಎಂಬುದನ್ನು ತಿಳಿಯುವ ದಾರಿ ನಮಗಿಲ್ಲ. ಇಂದಿಗೂ ದೋಣಿ ಕಂಡರೆ ಅವರು ಬಿಲ್ಲು ಎತ್ತುವುದನ್ನು ‘ಕಾಡುಜನರ ಕ್ರೌರ್ಯ’ ಎಂದು ಬರೆಯುವ ಪತ್ರಕರ್ತರು ಈ ಒಂದು ಘಟನೆಯನ್ನು ಓದಿಕೊಂಡಿದ್ದರೆ ಚೆನ್ನಾಗಿತ್ತು.

ಸ್ವತಂತ್ರ ಭಾರತದ ಪ್ರಯತ್ನ ಇದಕ್ಕಿಂತ ಬಹಳ ಮೃದುವಾದದ್ದು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ತ್ರಿಲೋಕನಾಥ ಪಂಡಿತ್ 1967ರಲ್ಲಿ ಮೊದಲ ಬಾರಿಗೆ ಅಲ್ಲಿಗೆ ಹೋದರು. ಆ ಬಳಿಕ ಎರಡೂವರೆ ದಶಕ, ಆಗೊಮ್ಮೆ ಈಗೊಮ್ಮೆ ದೋಣಿಗಳು ಹೋಗಿ ತೆಂಗಿನಕಾಯಿ, ಪಾತ್ರೆ, ಕಬ್ಬಿಣದ ತುಂಡುಗಳನ್ನು ದಡದಲ್ಲಿಟ್ಟು ಬರುತ್ತಿದ್ದವು. ಎಲ್ಲ ಉಡುಗೊರೆಯೂ ಮೆಚ್ಚುಗೆಯಾಗಲಿಲ್ಲ: 1974ರಲ್ಲಿ ಸಾಕ್ಷ್ಯಚಿತ್ರ ತಂಡದೊಂದಿಗೆ ಹೋದವರು ಬಿಟ್ಟುಬಂದ ಜೀವಂತ ಹಂದಿಯನ್ನೂ ಪ್ಲಾಸ್ಟಿಕ್ ಬೊಂಬೆಯನ್ನೂ ದ್ವೀಪದವರು ಈಟಿಯಿಂದ ಚುಚ್ಚಿ ಮರಳಿನಲ್ಲಿ ಹೂತರು, ಚಿತ್ರದ ನಿರ್ದೇಶಕನ ತೊಡೆಗೆ ಬಾಣ ನಾಟಿತು. ಆದರೆ ತೆಂಗಿನಕಾಯಿಯನ್ನು ಒಯ್ಯುತ್ತಿದ್ದರು.

ಆ ತೆಂಗಿನಕಾಯಿಯೇ 1991ರ ಜನವರಿ 4ರಂದು ದಾರಿ ಮಾಡಿಕೊಟ್ಟಿತು. ಆ ದಿನದ ತಂಡದಲ್ಲಿ ಮಾನವಶಾಸ್ತ್ರಜ್ಞೆ ಮಧುಮಾಲಾ ಚಟ್ಟೋಪಾಧ್ಯಾಯ ಇದ್ದರು. ದೋಣಿಯಿಂದ ಒಂದೊಂದೇ ಕಾಯಿಯನ್ನು ನೀರಿಗೆ ತೇಲಿಬಿಟ್ಟಾಗ ಕೆಲವರು ನೀರಿಗಿಳಿದು ಹೆಕ್ಕಿಕೊಳ್ಳತೊಡಗಿದರು. ಕಾಯಿ ಮುಗಿದಾಗ ತಂಡ ಹಡಗಿಗೆ ಮರಳಿ ಇನ್ನಷ್ಟು ತಂದಿತು. ಅಷ್ಟರಲ್ಲಿ ದಡದ ಮೇಲಿದ್ದ ಒಬ್ಬ ಹುಡುಗ ಬಾಣ ಹೂಡಿದ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅವನನ್ನು ತಳ್ಳಿದ್ದರಿಂದ ಗುರಿ ತಪ್ಪಿ ಬಾಣ ನೀರಿಗೆ ಬಿತ್ತು. ಆಮೇಲೆ ಅಧಿಕಾರಿಗಳೂ ನೀರಿಗಿಳಿದು ಕಾಯಿಗಳನ್ನು ಕೈಯಿಂದ ಕೈಗೇ ಕೊಟ್ಟರು. ಮುಂದಿನ ತಿಂಗಳ ಭೇಟಿಯಲ್ಲಿ ಪಂಡಿತರೂ ಇದ್ದರು, ಕೆಲವು ಸೆಂಟಿನೆಲಿಗಳು ದೋಣಿಯನ್ನೇ ಹತ್ತಿದರು. ಇಷ್ಟೆಲ್ಲ ಆದರೂ ದಡ ದಾಟಿ ಕಾಡಿನೊಳಕ್ಕೆ ಬನ್ನಿ ಎಂದು ಅವರು ಕರೆಯಲಿಲ್ಲ. ಅವರ ಒಂದು ಮಾತೂ ಹೊರಗಿನವರಿಗೆ ತಿಳಿಯಲಿಲ್ಲ, ನೆರೆಯ ಒಂಗೆ ಜನರಿಗೂ ತಿಳಿಯದ ಭಾಷೆ ಅದು. 1990ರ ದಶಕದ ನಡುವಿನಲ್ಲಿ ಸರ್ಕಾರ ಈ ಭೇಟಿಗಳನ್ನು ನಿಲ್ಲಿಸಿತು. ಅವರ ಕೈಗೆ ತೆಂಗಿನಕಾಯಿ ಕೊಟ್ಟ ಪಂಡಿತ್ ಮತ್ತು ಮಧುಮಾಲಾ ಇಬ್ಬರೂ ಮುಂದೆ, ಆ ಜನರನ್ನು ಅವರ ಪಾಡಿಗೆ ಬಿಡುವುದೇ ಸರಿ ಎಂಬ ನಿಲುವಿಗೆ ಬಂದರು.

ಏಕೆ ನಿಲ್ಲಿಸಬೇಕಿತ್ತು? ಉತ್ತರ ಸೆಂಟಿನೆಲಿನಲ್ಲಿಲ್ಲ, ಅಕ್ಕಪಕ್ಕದ ದ್ವೀಪಗಳಲ್ಲಿದೆ.

1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರಿನಲ್ಲಿ ಕೈದಿಗಳ ವಸಾಹತು ತೆರೆದಾಗ ಗ್ರೇಟ್ ಅಂಡಮಾನಿ ಎಂದು ಒಟ್ಟಾಗಿ ಕರೆಯಲಾಗುವ ಹತ್ತು ಬುಡಕಟ್ಟುಗಳಲ್ಲಿ ಸುಮಾರು ಐದು ಸಾವಿರ ಜನರಿದ್ದರೆಂದು ಅಂದಾಜು. 1877ರಲ್ಲಿ ದಡಾರ ಬಂತು, ಸಿಫಿಲಿಸ್ ಬಂತು, ಇನ್‌ಫ್ಲುಯೆಂಜಾ ಬಂತು. 1961ರ ಜನಗಣತಿಯಲ್ಲಿ ಉಳಿದಿದ್ದವರು 19 ಜನ. ಈಗ ಒಟ್ಟು ಐವತ್ತರ ಆಸುಪಾಸು ಜನರಷ್ಟೇ ಇರುವ ಅವರ ಪೈಕಿ ‘ಬೋ’ ಭಾಷೆಯನ್ನಾಡಬಲ್ಲ ಕೊನೆಯ ವ್ಯಕ್ತಿ 2010ರಲ್ಲಿ ತೀರಿಕೊಂಡರು. ಲಿಟಲ್ ಅಂಡಮಾನಿನ ಒಂಗೆಗಳು 1901ರಲ್ಲಿ 672 ಇದ್ದವರು ಇಂದು ನೂರರಷ್ಟಿದ್ದಾರೆ. 2008ರ ಡಿಸೆಂಬರಿನಲ್ಲಿ ಕಡಲು ದಡಕ್ಕೆ ತಂದೆಸೆದ ಡಬ್ಬಿಯೊಂದರಲ್ಲಿದ್ದ ದ್ರವವನ್ನು ಹೆಂಡವೆಂದು ಕುಡಿದು ಅವರಲ್ಲಿ ಎಂಟು ಜನ ಸತ್ತರು. ಹೆಂಡದ ರುಚಿ ಅವರಿಗೆ ಹೊರಗಿನವರಿಂದಲೇ ಅಂಟಿದ್ದು.

ಕಾಯಿಲೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸೆಂಟಿನೆಲಿಗಳ ದೇಹ ನಮ್ಮದಕ್ಕಿಂತ ದುರ್ಬಲ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ದಡಾರದಂಥ ಸೋಂಕು ಒಂದು ಕಡೆ ನಿರಂತರವಾಗಿ ಉಳಿಯಬೇಕಾದರೆ, ಹೊಸ ಹೊಸ ಮಕ್ಕಳು ಸಿಗುತ್ತಲೇ ಇರುವ ಕೆಲವು ಲಕ್ಷ ಜನರ ಸಮುದಾಯ ಬೇಕು. ನೂರು ಇನ್ನೂರು ಜನರ ಗುಂಪಿನಲ್ಲಿ ಅದು ಉಳಿಯಲಾರದು. ಆದ್ದರಿಂದ ನಮ್ಮಲ್ಲಿ ಬಾಲ್ಯದಲ್ಲೇ ಬಂದು ಹೋಗುವ ಅಥವಾ ಲಸಿಕೆಯಿಂದ ತಪ್ಪುವ ಸೋಂಕುಗಳ ಪರಿಚಯ ಅಲ್ಲಿನ ಯಾರ ದೇಹಕ್ಕೂ ಇಲ್ಲ. ಹೊರಗಿನಿಂದ ಒಮ್ಮೆ ಬಂದರೆ ಮಗು, ಮುದುಕ, ಬೇಟೆಯಾಡುವ ತರುಣ, ಹಾಲೂಡಿಸುವ ತಾಯಿ ಎಲ್ಲರೂ ಒಂದೇ ವಾರದಲ್ಲಿ ಮಲಗುತ್ತಾರೆ. ಮೀನು ಹಿಡಿಯುವವರಿಲ್ಲ, ನೀರು ತಂದುಕೊಡುವವರಿಲ್ಲ, ಮಗುವನ್ನು ನೋಡಿಕೊಳ್ಳುವವರಿಲ್ಲ. ಇಂಥ ಸಂದರ್ಭಗಳಲ್ಲಿ ಸೋಂಕಿನಿಂದಷ್ಟೇ ಅಲ್ಲ, ಹಸಿವು ಬಾಯಾರಿಕೆಗಳಿಂದಲೂ ಜನ ಸಾಯುತ್ತಾರೆ. ಪೆರುವಿನ ನಹುವಾ ಬುಡಕಟ್ಟಿಗೆ 1984ರಲ್ಲಿ ಮರ ಕಡಿಯುವವರ ಸಂಪರ್ಕವಾದ ಮೇಲೆ ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಜನ ಇಲ್ಲವಾದರು.

ಹಾಗಾದರೆ ಲಸಿಕೆಯನ್ನೇ ಮೊದಲು ಹಾಕಿಬಿಡಬಹುದಲ್ಲ ಎಂಬುದು ಸಹಜವಾದ ಮರುಪ್ರಶ್ನೆ. ಲಸಿಕೆ ಒಂದು ಚುಚ್ಚುಮದ್ದಿಗೆ ಮುಗಿಯುವುದಿಲ್ಲ. ಹಲವು ರೋಗಗಳಿಗೆ ಹಲವು ಲಸಿಕೆ, ಒಂದೊಂದಕ್ಕೂ ಎರಡು ಮೂರು ಸುತ್ತು, ಪ್ರತಿ ಸುತ್ತಿಗೂ ಒಂದು ತಂಡ. ನೆಗಡಿಯಂಥ ಸೋಂಕಿಗೆ ಲಸಿಕೆಯೇ ಇಲ್ಲ, ಅದನ್ನು ವೈದ್ಯನೇ ಹೊತ್ತು ಹೋಗಬಹುದು. ಇನ್ನು, ಮಾತು ತಿಳಿಯದ, ಬೇಡವೆಂದು ಬಿಲ್ಲೆತ್ತುವ ಮನುಷ್ಯನಿಗೆ ಸೂಜಿ ಚುಚ್ಚಬೇಕಾದರೆ ಮೊದಲು ಅವನ ಕೈಕಾಲು ಹಿಡಿಯಬೇಕಾಗುತ್ತದೆ. ಬಂದೂಕುಧಾರಿಗಳ ಕಾವಲಿನಲ್ಲಿ ನಡೆಯುವ ಆ ಕೆಲಸಕ್ಕೆ ಚಿಕಿತ್ಸೆ ಎಂಬ ಹೆಸರು ಒಪ್ಪುವುದಿಲ್ಲ. ಒಮ್ಮೆ ಆರಂಭಿಸಿದರೆ ವರ್ಷಾನುಗಟ್ಟಲೆ ಅಲ್ಲೇ ನಿಲ್ಲಬೇಕು. ನಡುವೆ ಬಿಟ್ಟು ಬಂದರೆ ಹೋಗದೇ ಇದ್ದುದಕ್ಕಿಂತ ಕೆಟ್ಟ ಪರಿಣಾಮ.

ಅಂಡಮಾನಿನದೇ ಇನ್ನೊಂದು ಬುಡಕಟ್ಟಾದ ಜಾರವಾಗಳ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಆರಂಭವಾದದ್ದು ಚಿಕಿತ್ಸೆಯಿಂದಲೇ. ಹೊರಗಿನವರನ್ನು ಕಂಡರೆ ಬಾಣ ಬಿಡುತ್ತಿದ್ದ ಈ ಬುಡಕಟ್ಟಿನ ಒಬ್ಬ ಹುಡುಗ 1996ರಲ್ಲಿ ಕದಮತಲಾ ಊರಿನ ಹತ್ತಿರ ಕಾಲು ಮುರಿದುಕೊಂಡು ಬಿದ್ದಿದ್ದ. ಊರವರು ಕಂಡರು, ಅವನನ್ನು ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಸೇರಿಸಿ ಕೆಲವು ತಿಂಗಳು ಆರೈಕೆ ಮಾಡಿ, ಗುಣವಾದ ಮೇಲೆ ಕಾಡಿಗೆ ಕಳುಹಿಸಿದರು. ಯಾರೂ ತಪ್ಪು ಹುಡುಕಲಾಗದ ಕೆಲಸ ಅದು. ಮರುವರ್ಷದ ಅಕ್ಟೋಬರಿನಿಂದ ಜಾರವಾಗಳು ತಾವಾಗಿಯೇ ಗುಂಪುಗುಂಪಾಗಿ ಹೊರಬರತೊಡಗಿದರು. 1999ರಲ್ಲಿ ಅವರಲ್ಲಿ ದಡಾರ ಹರಡಿತು, 2006ರಲ್ಲಿ ಮತ್ತೊಮ್ಮೆ ಹರಡಿತು. ಅವರ ಕಾಡಿನ ನಡುವೆ ಅಷ್ಟರಲ್ಲಾಗಲೇ ಅಂಡಮಾನ್ ಟ್ರಂಕ್ ರಸ್ತೆ ಹಾದುಹೋಗಿತ್ತು. ಆ ಭಾಗದ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟರೂ ವಾಹನಗಳು ನಿಲ್ಲಲಿಲ್ಲ. ಬಿಸ್ಕತ್ತಿನಾಸೆ ತೋರಿಸಿ ಜಾರವಾ ಹೆಂಗಸರನ್ನು ಕುಣಿಸುವ ವಿಡಿಯೊ 2012ರಲ್ಲಿ ಜಗತ್ತೆಲ್ಲ ಹರಿದಾಡಿತು.

ಪ್ರಶ್ನೆಯಲ್ಲಿ ಮೃಗಾಲಯದ ಮಾತಿದೆಯಲ್ಲ, ಅದು ಈ ರಸ್ತೆಗೆ ಹೆಚ್ಚು ಹೊಂದುತ್ತದೆ. ಬೆಂಗಳೂರು, ಮಂಗಳೂರುಗಳಿಂದ ಅಂಡಮಾನ್ ಪ್ರವಾಸಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಬಾರಾತಂಗಿನ ಸುಣ್ಣಕಲ್ಲಿನ ಗುಹೆ ನೋಡಲು ನಸುಕಿನಲ್ಲೆದ್ದು ಜಿರ್ಕಾತಂಗ್ ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲುತ್ತಾರೆ. ಅಲ್ಲಿಂದ ಪೊಲೀಸ್ ಕಾವಲಿನಲ್ಲಿ ವಾಹನಗಳ ಸಾಲು ಹೊರಡುತ್ತದೆ. ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಿನ್ನಲು ಏನೂ ಕೊಡುವಂತಿಲ್ಲ. ಹಾಗಿದ್ದೂ ‘ಜಾರವಾ ಕಾಣಿಸಿದರಾ?’ ಎಂಬುದೇ ಹಿಂದಿರುಗಿದವರನ್ನು ಕೇಳುವ ಮೊದಲ ಪ್ರಶ್ನೆ. ಸೆಂಟಿನೆಲಿನಲ್ಲಿ ನೋಡುವವರೂ ಇಲ್ಲ, ಬೇಲಿಯೂ ಇಲ್ಲ. ಅವರು ಶಿಲಾಯುಗದಲ್ಲಿ ನಿಂತುಹೋದವರು ಎಂಬುದೂ ಸುಳ್ಳು: 1981ರಲ್ಲಿ ‘ಪ್ರಿಮ್‌ರೋಸ್’ ಎಂಬ ಸರಕು ಹಡಗು ಅವರ ಹವಳದ ದಿಬ್ಬಕ್ಕೆ ಸಿಕ್ಕಿಕೊಂಡ ಮೇಲೆ ಅದರ ಕಬ್ಬಿಣವನ್ನು ಕಿತ್ತು ಬಾಣದ ಮೊನೆ ಮಾಡಿಕೊಂಡರು. ಹೊರಗಿನ ಲೋಕ ಇದೆಯೆಂದು ಅವರಿಗೆ ಚೆನ್ನಾಗಿ ಗೊತ್ತು. 2004ರ ಸುನಾಮಿಯ ನಂತರ ಏನಾಗಿದೆಯೋ ನೋಡೋಣವೆಂದು ಹೋದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರಿಗೆ ಒಬ್ಬ ಬಿಲ್ಲೆತ್ತಿ ಗುರಿಯಿಟ್ಟ ಚಿತ್ರವನ್ನು ನೀವೂ ನೋಡಿರಬಹುದು. ಇದನ್ನು ಅಜ್ಞಾನವೆನ್ನುವುದಕ್ಕಿಂತ ನಿರ್ಧಾರವೆನ್ನುವುದೇ ನನಗೆ ಸರಿ ಕಾಣುತ್ತದೆ.

ಈಗಿನ ನೀತಿಯ ಕಾನೂನು ಆಧಾರ 1956ರ ಆದಿವಾಸಿ ಸಂರಕ್ಷಣಾ ನಿಯಮಾವಳಿ. ದ್ವೀಪದ ಐದು ನಾಟಿಕಲ್ ಮೈಲಿಯೊಳಗೆ ಯಾರೂ ಹೋಗುವಂತಿಲ್ಲ. ಕಾಗದದ ಮೇಲೆ ಇದು ಗಟ್ಟಿಯಾಗಿದೆ, ನೀರಿನ ಮೇಲೆ ಅಷ್ಟು ಗಟ್ಟಿಯಲ್ಲ. 2006ರಲ್ಲಿ ಹತ್ತಿರದಲ್ಲಿ ಅಕ್ರಮವಾಗಿ ಮೀನು ಹಿಡಿಯುತ್ತಿದ್ದ ಇಬ್ಬರು, ರಾತ್ರಿ ದೋಣಿ ದಡದ ಕಡೆಗೆ ತೇಲಿಹೋದ್ದರಿಂದ ಕೊಲೆಯಾದರು. ಚೌ ಸುಮಾರು 25,000 ರೂಪಾಯಿ ಕೊಟ್ಟು ಮೀನುಗಾರರ ದೋಣಿಯಲ್ಲಿ ಕತ್ತಲಲ್ಲಿ ಹೋದ. ಮೊದಲ ದಿನವೇ ಹುಡುಗನೊಬ್ಬ ಬಿಟ್ಟ ಬಾಣ ಅವನ ಕೈಯಲ್ಲಿದ್ದ ಬೈಬಲ್ಲಿಗೆ ನಾಟಿತು. ಅದನ್ನು ಎಚ್ಚರಿಕೆಯೆಂದು ತಿಳಿಯದೆ ಮತ್ತೆ ಹೋದ. ಅದೇ 2018ರಲ್ಲಿ ಕೇಂದ್ರ ಸರ್ಕಾರ ಪ್ರವಾಸೋದ್ಯಮದ ಹೆಸರಿನಲ್ಲಿ ವಿದೇಶಿಯರಿಗೆ ಬೇಕಿದ್ದ ವಿಶೇಷ ಪರವಾನಗಿಯನ್ನು 29 ದ್ವೀಪಗಳ ಮಟ್ಟಿಗೆ ಸಡಿಲಿಸಿದಾಗ ಆ ಪಟ್ಟಿಯಲ್ಲಿ ಉತ್ತರ ಸೆಂಟಿನೆಲ್ ಕೂಡ ಸೇರಿತ್ತು ಎಂಬುದನ್ನು ಮರೆಯಬಾರದು. ಬೇರೆ ಕಾನೂನುಗಳ ನಿಷೇಧ ಹಾಗೇ ಇದ್ದರೂ, ಅದನ್ನು ಆ ಪಟ್ಟಿಗೆ ಸೇರಿಸಿದ್ದು ಅಚಾತುರ್ಯವೇ ಸರಿ. ಚೌನ ಶವ ತರಲು ಹೋದ ಪೊಲೀಸರು ದೋಣಿಯಿಂದ ದುರ್ಬೀನಿನಲ್ಲಿ ನೋಡಿ, ದಡದಲ್ಲಿ ಬಿಲ್ಲು ಹಿಡಿದು ನಿಂತವರನ್ನು ಕಂಡು ಹಿಂದಿರುಗಿದರು. ಶವ ಇಂದಿಗೂ ಅಲ್ಲೇ ಇದೆ.

ಈ ನೀತಿಗೂ ಬೆಲೆಯಿದೆ, ಅದನ್ನು ಅಡಗಿಸಬಾರದು. ಕಷ್ಟದ ಹೆರಿಗೆ, ಸೋಂಕು ತಗುಲಿದ ಗಾಯ, ನ್ಯುಮೋನಿಯಾ ಇವುಗಳಿಂದ ಅಲ್ಲಿ ಸಾಯುವವರಿರುತ್ತಾರೆ. ಇವರಲ್ಲಿ ಕೆಲವರನ್ನಾದರೂ ನಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯರು ಉಳಿಸಬಲ್ಲರು. ಆದರೆ ಒಬ್ಬರನ್ನು ಉಳಿಸಲು ಹೋದ ದೋಣಿ ಎಲ್ಲರನ್ನೂ ಅಪಾಯಕ್ಕೆ ಒಡ್ಡುತ್ತದೆ, ಆ ಅಪಾಯ ಬೇಡವೆಂದು ಅವರೇ ಪದೇ ಪದೇ ಹೇಳಿದ್ದಾರೆ. ಬ್ರೆಜಿಲ್ ಕೂಡ ಇದೇ ಲೆಕ್ಕಾಚಾರದಿಂದ 1987ರಲ್ಲಿ ತನ್ನ ನೀತಿ ಬದಲಿಸಿತು. ಅದಕ್ಕೆ ಮುಂದಾಳಾದ ಸಿಡ್ನಿ ಪೊಸುಯೆಲೊ ಅದಕ್ಕೆ ಮೊದಲು ತಾವೇ ಅಮೆಜಾನ್ ಕಾಡಿನಲ್ಲಿ ಹಲವು ಬುಡಕಟ್ಟುಗಳನ್ನು ಸಂಪರ್ಕಿಸಿ ಅದರ ಪರಿಣಾಮ ಕಂಡವರು.

ಹಾಗೆಂದು ಈ ಬಾಗಿಲು ಎಂದೆಂದಿಗೂ ಮುಚ್ಚಿರಬೇಕು ಎಂದು ಯಾರೂ ಹೇಳುತ್ತಿಲ್ಲ. ಜಾರವಾಗಳಂತೆ ಸೆಂಟಿನೆಲಿಗಳೂ ಒಂದು ದಿನ ತಾವಾಗಿ ದೋಣಿಯನ್ನು ಕೈಬೀಸಿ ಕರೆಯಬಹುದು. ಆ ದಿನಕ್ಕೆ ಬೇಕಾದ ಸಿದ್ಧತೆ ಇಂದೇ ಆಗಬೇಕು: ಭೇಟಿಗೆ ಮುಂಚೆ ತಾವೇ ಕೆಲವು ವಾರ ಪ್ರತ್ಯೇಕವಾಗಿದ್ದು ಸೋಂಕಿಲ್ಲವೆಂದು ಖಚಿತಪಡಿಸಿಕೊಂಡ ಸಣ್ಣ ವೈದ್ಯಕೀಯ ತಂಡ, ರೋಗಿಯನ್ನು ಪೋರ್ಟ್ ಬ್ಲೇರಿಗೆ ಒಯ್ಯದೆ ದಡದಲ್ಲೇ ನೋಡುವ ವ್ಯವಸ್ಥೆ, ತಿಂಗಳುಗಟ್ಟಲೆ ಉಳಿಯುವ ಸಿಬ್ಬಂದಿ, ಮತ್ತು ಸುದ್ದಿ ತಿಳಿದೊಡನೆ ಕ್ಯಾಮೆರಾ ಹಿಡಿದು ಹೊರಡುವ ದೋಣಿಗಳನ್ನು ಐದು ಮೈಲಿಯಾಚೆಗೇ ತಡೆಯುವ ಕಾವಲು.