ರಿಪೋರ್ಟ್‌ನಲ್ಲಿ ‘ನಾರ್ಮಲ್’ ಅಂತಿದೆ, ಐಎನ್‌ಆರ್ ಯಾಕೆ ಏರುತ್ತಿದೆ?

ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ಶುರು ಮಾಡಿದ ಮೊದಲ ವಾರ ಯಾವ ಡಾಕ್ಟರಿಗೂ ಸ್ವಲ್ಪ ಕಸಿವಿಸಿ ಇದ್ದೇ ಇರುತ್ತದೆ. ಒಬ್ಬರಿಗೆ ದಿನಕ್ಕೆ 1 ಮಿಲಿಗ್ರಾಂ ಸಾಕು. ಇನ್ನೊಬ್ಬರಿಗೆ 10 ಕೊಟ್ಟರೂ ಐಎನ್‌ಆರ್ ಜಗ್ಗುವುದಿಲ್ಲ. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅನ್ನುವ ಲೆಕ್ಕ. ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1 ಇರುತ್ತದೆ. ಹೆಚ್ಚಿನ ರೋಗಿಗಳಲ್ಲಿ ಅದನ್ನು 2ರಿಂದ 3ರ ಒಳಗೆ ಇಡಬೇಕು. ಇಳಿದರೆ ಪಾರ್ಶ್ವವಾಯುವಿನ ಭಯ, ತೀರಾ ಏರಿದರೆ ಮೆದುಳಿನಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವದ ಭಯ. ಜನ ವಾರ್ಫರಿನ್ ಅನ್ನು ರಕ್ತ ತೆಳು ಮಾಡೋ ಮಾತ್ರೆ ಅನ್ನುತ್ತಾರೆ. ರಕ್ತವೇನೂ ನೀರಾಗುವುದಿಲ್ಲ, ಹೆಪ್ಪುಗಟ್ಟುವುದು ನಿಧಾನವಾಗುತ್ತದೆ ಅಷ್ಟೇ.

ಈ ಡೋಸಿನ ಬಗ್ಗೆ ವೈದ್ಯಕೀಯ ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಂಡ ಒಂದು ಮಾತಿದೆ: ಪೂರ್ವ ಏಷ್ಯಾದವರಿಗೆ ಕಡಿಮೆ, ಯುರೋಪಿನವರಿಗೆ ಮಧ್ಯಮ, ಆಫ್ರಿಕನ್ ಮೂಲದವರಿಗೆ ಜಾಸ್ತಿ. ಸರಾಸರಿ ನೋಡಿದರೆ ಇದು ನಿಜ. ಆದರೆ ಎದುರಿಗೆ ಕೂತ ರೋಗಿಗೆ ಸರಾಸರಿ ನೋಡಿ ಮಾತ್ರೆ ಬರೆಯಲು ಆಗುವುದಿಲ್ಲ, ಅಲ್ವಾ? ಆಫ್ರಿಕನ್ ಮೂಲದವರ ವಿಷಯದಲ್ಲಂತೂ ಈ ಬಾಯಿಪಾಠ ಅಪಾಯಕ್ಕೂ ದಾರಿ ಮಾಡುತ್ತದೆ.

ಮೊದಲು ಎರಡು ಜೀನ್‌ಗಳ ಪರಿಚಯ ಮಾಡಿಕೊಳ್ಳೋಣ. ಒಂದು ವಿಕೆಒಆರ್‌ಸಿ1. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ದೇಹದಲ್ಲಿ ಬಳಸಿದ ವಿಟಮಿನ್ ಕೆಯನ್ನು ಮತ್ತೆ ಬಳಕೆಗೆ ತರುವ ಕಿಣ್ವ ಇದರಿಂದ ತಯಾರಾಗುತ್ತದೆ. ವಾರ್ಫರಿನ್ ಹಿಡಿದು ನಿಲ್ಲಿಸುವುದು ಇದೇ ಕಿಣ್ವವನ್ನು. ಈ ಜೀನ್ ಪತ್ತೆಯಾದದ್ದು 2004ರಲ್ಲಿ, ಅಂದರೆ ವಾರ್ಫರಿನ್ ಮನುಷ್ಯರ ಔಷಧಿಯಾಗಿ 50 ವರ್ಷ ಆದಮೇಲೆ. ಇದರ ‘ಎ’ ರೂಪ ಇದ್ದವರಲ್ಲಿ ಕಿಣ್ವವೇ ಕಡಿಮೆ, ಹಾಗಾಗಿ ಮಾತ್ರೆಯೂ ಕಡಿಮೆ ಸಾಕು. ಪೂರ್ವ ಏಷ್ಯಾದಲ್ಲಿ ಈ ಜೀನ್‌ನ ನೂರು ಪ್ರತಿಗಳಲ್ಲಿ ಸುಮಾರು 90 ‘ಎ’ ರೂಪದವು. ಯುರೋಪಿನಲ್ಲಿ ಸುಮಾರು 40, ಅಮೆರಿಕದ ಕಪ್ಪು ಜನರಲ್ಲಿ ಸುಮಾರು 10. ‘ಆಫ್ರಿಕನ್ ಮೂಲದವರಿಗೆ ಜಾಸ್ತಿ ಡೋಸ್’ ಅನ್ನುವ ಮಾತು ಬಹುಪಾಲು ಇಲ್ಲಿಂದ ಬಂತು.

ಇನ್ನೊಂದು ಸಿವೈಪಿ2ಸಿ9. ಲಿವರ್‌ನಲ್ಲಿ ವಾರ್ಫರಿನ್ ಅನ್ನು ಒಡೆದು ಹೊರಗೆ ಹಾಕುವ ಕಿಣ್ವ ಇದರದು. ಇದು ನಿಧಾನವಾದರೆ ಅದೇ ಮಾತ್ರೆ ದಿನದಿಂದ ದಿನಕ್ಕೆ ಮೈಯಲ್ಲಿ ಉಳಿದುಕೊಂಡು ಹೋಗುತ್ತದೆ. ಯುರೋಪಿನ ರೋಗಿಗಳಲ್ಲಿ ನಿಧಾನದ ಎರಡು ರೂಪಗಳು ಮೊದಲೇ ಸಿಕ್ಕಿದ್ದವು, ಸ್ಟಾರ್ 2 ಮತ್ತು ಸ್ಟಾರ್ 3. ಪರೀಕ್ಷೆಯ ಕಿಟ್‌ಗಳು ಹೆಚ್ಚಾಗಿ ಈ ಎರಡನ್ನು ಮತ್ತು ವಿಕೆಒಆರ್‌ಸಿ1 ಅನ್ನು ಹುಡುಕುವ ಹಾಗೆ ತಯಾರಾದವು. ತೊಡಕು ಶುರುವಾದದ್ದು ಇಲ್ಲೇ.

2013ರ ಕೊನೆಯಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂತು. ಜೀನ್ ನೋಡಿ ಡೋಸ್ ಕೊಟ್ಟರೆ ಲಾಭ ಇದೆಯಾ ಅನ್ನುವುದು ಎರಡರ ಪ್ರಶ್ನೆಯೂ ಹೌದು. ಯುರೋಪಿನ ಪ್ರಯೋಗದಲ್ಲಿ ಲಾಭ ಕಂಡಿತು. ಅಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಅಮೆರಿಕದ ಕೋಆಗ್ ಪ್ರಯೋಗದಲ್ಲಿ 1015 ರೋಗಿಗಳಿದ್ದರು, ಅವರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕಪ್ಪು ಜನರು. ಮೊದಲ 4 ವಾರ ಐಎನ್‌ಆರ್ ಸರಿಯಾದ ಮಟ್ಟದಲ್ಲಿ ಎಷ್ಟು ಹೊತ್ತು ಇತ್ತು ಅಂತ ಅಳೆದರು. ಒಟ್ಟಾರೆ ಜೀನ್ ನೋಡಿ ಡೋಸ್ ಕೊಟ್ಟವರು, ನೋಡದೆ ಕೊಟ್ಟವರು ಎರಡೂ ಗುಂಪು ಸಮ, ಶೇ. 45ರ ಆಸುಪಾಸು. ಕಪ್ಪು ರೋಗಿಗಳನ್ನಷ್ಟೇ ತೆಗೆದು ನೋಡಿದಾಗ ಲೆಕ್ಕ ತಿರುಗಿತು. ಜೀನ್ ನೋಡದೆ ವಯಸ್ಸು, ತೂಕ ಇತ್ಯಾದಿ ನೋಡಿ ಡೋಸ್ ಕೊಟ್ಟವರಲ್ಲಿ ಶೇ. 43.5. ಜೀನ್ ನೋಡಿ ಕೊಟ್ಟವರಲ್ಲಿ ಶೇ. 35.2. ಖರ್ಚು ಮಾಡಿ ಪರೀಕ್ಷೆ ಮಾಡಿಸಿದವರ ಗತಿಯೇ ಕೆಟ್ಟಿತ್ತು. ಅವರಲ್ಲಿ ಐಎನ್‌ಆರ್ ಮಿತಿ ಮೀರಿ ಏರಿದ್ದೂ ಜಾಸ್ತಿ.

ಯಾಕೆ ಹೀಗಾಯಿತು? ಒಂದು ರಿಪೋರ್ಟ್ ಕೈಯಲ್ಲಿ ಹಿಡಿದುಕೊಳ್ಳೋಣ. ರೋಗಿ ಪಶ್ಚಿಮ ಆಫ್ರಿಕಾ ಮೂಲದವರು ಅಂದುಕೊಳ್ಳಿ. ವಿಕೆಒಆರ್‌ಸಿ1: ಜಿ/ಜಿ. ಅಂದರೆ ‘ಎ’ ರೂಪ ಇಲ್ಲ, ಡೋಸ್ ಜಾಸ್ತಿ ಬೇಕು. ಸಿವೈಪಿ2ಸಿ9: ಸ್ಟಾರ್ 1/ಸ್ಟಾರ್ 1, ಅಂದರೆ ನಾರ್ಮಲ್. ಎರಡನ್ನೂ ಲೆಕ್ಕಕ್ಕೆ ಹಾಕಿದರೆ ಧಾರಾಳ ಡೋಸ್ ಬರುತ್ತದೆ, ದಿನಕ್ಕೆ 6 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಈಗ ಆ ಸ್ಟಾರ್ 1 ಅನ್ನು ಸ್ವಲ್ಪ ಅನುಮಾನದಿಂದ ನೋಡಿ. ಲ್ಯಾಬ್‌ನವರು ಅದನ್ನು ಕಣ್ಣಾರೆ ಕಂಡು ಬರೆದದ್ದಲ್ಲ. ಸ್ಟಾರ್ 2 ಇದೆಯಾ ನೋಡಿದರು, ಇಲ್ಲ. ಸ್ಟಾರ್ 3 ಇದೆಯಾ ನೋಡಿದರು, ಇಲ್ಲ. ಎರಡೂ ಇಲ್ಲವಾದ್ದರಿಂದ ಸ್ಟಾರ್ 1 ಅಂತ ಬರೆದರು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗ ಹಿಂದಿನ ಬೆಂಚಿನಲ್ಲಿ ಕೂತಿದ್ದರೂ ಮೇಷ್ಟ್ರು ಅವನನ್ನು ಕೂಗುವುದಿಲ್ಲವಲ್ಲ, ಹಾಗೆ.

ಹಿಂದಿನ ಬೆಂಚಿನಲ್ಲಿ ಕೂತವರು ಸ್ಟಾರ್ 5, 6, 8 ಮತ್ತು 11. ಇವೂ ಕಿಣ್ವವನ್ನು ನಿಧಾನ ಮಾಡುತ್ತವೆ, ಸ್ಟಾರ್ 6 ಅಂತೂ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಇವು ಬಹುಪಾಲು ಕಾಣಸಿಗುವುದು ಆಫ್ರಿಕನ್ ಮೂಲದವರಲ್ಲೇ. ಸ್ಟಾರ್ 2 ಮತ್ತು 3 ಅವರಲ್ಲಿ ವಿರಳ. ಸ್ಟಾರ್ 6 ಬೆಳಕಿಗೆ ಬಂದದ್ದು ವಾರ್ಫರಿನ್‌ನಿಂದಲೂ ಅಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮೈಯಲ್ಲಿ ವಿಷವಾಗಿ ಏರಿದ ಒಬ್ಬ ಆಫ್ರಿಕನ್ ಅಮೆರಿಕನ್ ರೋಗಿಯಲ್ಲಿ ಅದು ಸಿಕ್ಕಿತು, 2001ರಲ್ಲಿ. ಆ ಮಾತ್ರೆಯನ್ನೂ ಇದೇ ಕಿಣ್ವ ಒಡೆಯುತ್ತದೆ. ಅಂದರೆ ಕೋಆಗ್ ಪ್ರಯೋಗದ ಫಲಿತಾಂಶ ಬರುವ ಎಷ್ಟೋ ವರ್ಷ ಮೊದಲೇ ಸ್ಟಾರ್ 6ರ ಸುದ್ದಿ ಗೊತ್ತಿತ್ತು. ಆದರೂ ಆ ಪ್ರಯೋಗದಲ್ಲಿ ನೋಡಿದ್ದು ಸ್ಟಾರ್ 2 ಮತ್ತು 3 ಮಾತ್ರ. ನನಗೆ ಇದು ಇಂದಿಗೂ ಬೇಸರ ತರಿಸುವ ವಿಷಯ.

ಇದರ ಮೇಲೆ ಇನ್ನೊಂದು ಸೇರಿತು. 2013ರಲ್ಲೇ ಮಿನೋಲಿ ಪೆರೆರಾ ಮತ್ತು ಸಂಗಡಿಗರು ಆಫ್ರಿಕನ್ ಅಮೆರಿಕನ್ನರ ಇಡೀ ಜೀನೋಮ್ ಜಾಲಾಡಿ, ಸಿವೈಪಿ2ಸಿ ಜೀನ್‌ಗಳ ಗುಂಪಿನ ಹತ್ತಿರವೇ ಹೊಸ ಗುರುತು ಒಂದನ್ನು ಕಂಡರು. ಅದರ ಹೆಸರು ಆರ್‌ಎಸ್12777823. ಇದರ ಒಂದು ಪ್ರತಿ ಇದ್ದರೆ ವಾರಕ್ಕೆ ಸುಮಾರು 7 ಮಿಲಿಗ್ರಾಂ, ಎರಡಿದ್ದರೆ ಸುಮಾರು 9 ಮಿಲಿಗ್ರಾಂ ಕಡಿಮೆ ಸಾಕು. ನಮ್ಮ ಕಾಲ್ಪನಿಕ ರೋಗಿಗೆ ಒಂದು ಪ್ರತಿ ಇದ್ದರೆ 6ರ ಬದಲು 5 ಕೊಡಬೇಕಿತ್ತು. ದಿನಕ್ಕೆ ಒಂದು ಮಿಲಿಗ್ರಾಂ ಏನು ಮಹಾ ಅನ್ನಿಸಬಹುದು. ಜೊತೆಗೆ ಸ್ಟಾರ್ 8 ಕೂಡ ಇತ್ತು ಅಂತಾದರೆ ಎರಡನೇ ವಾರಕ್ಕೆ ಒಸಡಿನಲ್ಲಿ ರಕ್ತ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಇದೇ ಗುರುತು ಬೇರೆ ಜನಾಂಗಗಳಲ್ಲೂ ಇದೆ, ಆದರೆ ಅಲ್ಲಿ ಡೋಸ್ ಬದಲಾಗುವುದು ಕಂಡಿಲ್ಲ. ಬಹುಶಃ ಅದು ಬರೀ ಗುರುತು, ಕೆಲಸ ಮಾಡುವ ಬದಲಾವಣೆ ಪಕ್ಕದಲ್ಲೆಲ್ಲೋ ಇದೆ.

ಇಷ್ಟು ಹೇಳಿದ ಮೇಲೆ ‘ಆಫ್ರಿಕನ್ ಪಟ್ಟಿ’ ಅಂತ ಒಂದು ಮಾಡಿ ಎಲ್ಲರಿಗೂ ಅದನ್ನೇ ಬಳಸಿದರೆ ಆಯಿತಲ್ಲ ಅನ್ನಬಹುದು. ಆಗುವುದಿಲ್ಲ. ಪ್ರಪಂಚದಲ್ಲಿ ಜೀನ್‌ಗಳ ವೈವಿಧ್ಯ ಅತಿ ಹೆಚ್ಚು ಇರುವುದು ಆಫ್ರಿಕಾದಲ್ಲೇ. ವಿಕೆಒಆರ್‌ಸಿ1ರ ‘ಎ’ ರೂಪ ಈಜಿಪ್ಟಿನಲ್ಲಿ ಯುರೋಪಿನ ಹಾಗೆ ಮಾಮೂಲು, ಘಾನಾದಲ್ಲಿ ಅಪರೂಪ. ಇಥಿಯೋಪಿಯಾಕ್ಕೆ ಹೋದರೆ ಅದೇ ಜೀನ್‌ನಲ್ಲಿ ಬೇರೆಯೇ ಒಂದು ಬದಲಾವಣೆ ಸಾಕಷ್ಟು ಜನರಲ್ಲಿದೆ, ಅದು ವಾರ್ಫರಿನ್‌ಗೆ ಬಗ್ಗುವುದೇ ಕಷ್ಟ ಮಾಡುತ್ತದೆ. ಅಂಥವರಿಗೆ ಡೋಸ್ ಏರಿಸಬೇಕು. ಅಮೆರಿಕದ ಕಪ್ಪು ಜನರ ಹಿರಿಯರು ಹೆಚ್ಚಾಗಿ ಪಶ್ಚಿಮ ಆಫ್ರಿಕಾ ಕಡೆಯವರು. ಅವರ ಮೇಲೆ ಮಾಡಿದ ಲೆಕ್ಕವನ್ನು ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಸುಮ್ನೆ ಹಾಗೇ ಅನ್ವಯಿಸಲು ಬರುವುದಿಲ್ಲ. ಉಗಾಂಡಾ, ದಕ್ಷಿಣ ಆಫ್ರಿಕಾಗಳಲ್ಲೇ ರೋಗಿಗಳನ್ನು ಸೇರಿಸಿಕೊಂಡು ಅಧ್ಯಯನ ಮಾಡಿದ್ದು ಈಚಿನ ವರ್ಷಗಳಲ್ಲಿ.

ಹಳೇ ಮಾತ್ರೆ ಬಿಟ್ಟು ಹೊಸದು ಕೊಡಬಾರದೇ ಅಂತ ಕೇಳುವವರಿದ್ದಾರೆ. ಕೊಡಬಹುದಾದವರಿಗೆ ಕೊಡುತ್ತಾರೆ. ಆದರೆ ಆಫ್ರಿಕಾದಲ್ಲಿ ವಾರ್ಫರಿನ್ ಮೇಲಿರುವವರಲ್ಲಿ ಸಂಧಿವಾತ ಜ್ವರದಿಂದ ಹೃದಯದ ವಾಲ್ವ್ ಕೆಟ್ಟ ಎಳೆ ವಯಸ್ಸಿನವರು ತುಂಬಾ ಜನ, ನಮ್ಮಲ್ಲಿರುವ ಹಾಗೇ. ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ಹೊಸ ಮಾತ್ರೆಗಳು ಕೂಡದು. ವಾಲ್ವ್ ಕೆಟ್ಟು ಹೃದಯದ ಬಡಿತ ತಾಳ ತಪ್ಪಿದವರಲ್ಲೂ ವಾರ್ಫರಿನ್‌ನಂಥ ಹಳೇ ಮಾತ್ರೆಯೇ ಹೊಸ ಮಾತ್ರೆಗಳಲ್ಲೊಂದಾದ ರಿವರೊಕ್ಸಾಬ್ಯಾನ್‌ಗಿಂತ ಮೇಲು ಅಂತ 2022ರ ಇನ್ವಿಕ್ಟಸ್ ಪ್ರಯೋಗ ತೋರಿಸಿತು. ಭಾರತದ ರೋಗಿಗಳೂ ಅದರಲ್ಲಿದ್ದರು. ಇದರ ಜೊತೆಗೆ ಕ್ಷಯದ ರಿಫಾಂಪಿಸಿನ್ ಐಎನ್‌ಆರ್ ಇಳಿಸುತ್ತದೆ, ಎಚ್‌ಐವಿ ರೋಗಿಗಳಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಏರಿಸುತ್ತದೆ. ಹತ್ತಿರದಲ್ಲಿ ಲ್ಯಾಬ್ ಇಲ್ಲದ ಊರಿನಲ್ಲಿ ಇದನ್ನೆಲ್ಲ ಸಂಭಾಳಿಸುವುದು ಜೀನ್ ಪರೀಕ್ಷೆಗಿಂತ ದೊಡ್ಡ ತಲೆನೋವು.

ಕರ್ನಾಟಕದಲ್ಲಿ ಕೂತ ನಮಗೆ ಇದು ದೂರದ ಕತೆ ಅನ್ನುವ ಹಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಆಫ್ರಿಕಾ ಮೂಲದವರು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಅವರ ಜೀನ್‌ಗಳಲ್ಲಿ ಆಫ್ರಿಕಾದ ಬಂಟು ಮೂಲವನ್ನೂ ಭಾರತದ ಬೆರಕೆಯನ್ನೂ ತೋರಿಸಿದ್ದಾರೆ. ಅವರಲ್ಲೊಬ್ಬರಿಗೆ ವಾಲ್ವ್ ಆಪರೇಷನ್ ಆಯಿತು ಅನ್ನಿ. ಫಾರಂನಲ್ಲಿ ‘ಭಾರತೀಯ’ ಅಂತ ತುಂಬಿದರೆ ಲೆಕ್ಕ ತಪ್ಪಬಹುದು, ‘ಆಫ್ರಿಕನ್’ ಅಂತ ತುಂಬಿದರೂ ತಪ್ಪಬಹುದು. ಬೆಂಗಳೂರಿಗೆ ಓದಲು, ಚಿಕಿತ್ಸೆಗೆ ಬರುವ ಆಫ್ರಿಕನ್ನರ ವಿಷಯದಲ್ಲೂ ಯಾವ ದೇಶ, ಯಾವ ಕಡೆಯವರು ಅಂತ ಕೇಳಿಕೊಳ್ಳುವುದು ಒಳ್ಳೆಯದು.

ರೂಢಿಯಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ಔಷಧಿ ಮತ್ತು ಜೀನ್‌ಗಳ ಬಗ್ಗೆ ಸಲಹೆ ಕೊಡುವ ಸಿಪಿಕ್ ಗುಂಪಿನ 2017ರ ಮಾರ್ಗಸೂಚಿ ನೇರವಾಗಿದೆ. ಆಫ್ರಿಕನ್ ಮೂಲದ ರೋಗಿಗೆ ಸ್ಟಾರ್ 5, 6, 8, 11 ನೋಡದ ಪರೀಕ್ಷೆ ಆಗಿದ್ದರೆ, ಆ ರಿಪೋರ್ಟ್ ನೋಡಿ ಡೋಸ್ ಲೆಕ್ಕ ಹಾಕಲೇಬೇಡಿ. ವಯಸ್ಸು, ತೂಕ, ಬೇರೆ ಮಾತ್ರೆಗಳು ಇವನ್ನು ನೋಡಿ ಶುರು ಮಾಡಿ. ಹಾಗಾಗಿ ಜೀನ್ ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಫಲಿತಾಂಶದ ಸಾಲನ್ನಲ್ಲ. ಕೆಳಗಡೆ ಸಣ್ಣ ಅಕ್ಷರದಲ್ಲಿ ಯಾವ ಯಾವ ರೂಪಗಳನ್ನು ಹುಡುಕಿದ್ದೇವೆ ಅಂತ ಬರೆದಿರುತ್ತಾರಲ್ಲ, ಅದನ್ನು. ಅಲ್ಲಿ 2 ಮತ್ತು 3 ಮಾತ್ರ ಇದ್ದರೆ ಲ್ಯಾಬಿಗೆ ಫೋನ್ ಮಾಡಿ ಉಳಿದವನ್ನೂ ನೋಡಲು ಸಾಧ್ಯವೇ ಅಂತ ಕೇಳುತ್ತೇನೆ. ಆಗುವುದಿಲ್ಲ ಅಂದರೆ ರಿಪೋರ್ಟ್ ಫೈಲಿಗೆ ಹೋಗುತ್ತದೆ, ರೋಗಿಗೆ ಎರಡು ಮೂರು ದಿನಕ್ಕೊಮ್ಮೆ ಐಎನ್‌ಆರ್ ಬರೆಯುತ್ತೇನೆ.