ಗದರಿಸಿ ಟೀ ಕೊಡುವ ಊರುಗಳು: ಬೆಟ್ಟದ ಓಟಗಾರರು ಮತ್ತು ಇಂಗ್ಲೆಂಡಿನ ಕಣಿವೆಯ ಹಳ್ಳಿಗಳು

"ಗೇಟು ಹಾಕಿದ್ಯಾ?"

ಉತ್ತರ ಇಂಗ್ಲೆಂಡಿನ ಸರೋವರ, ಬೆಟ್ಟಗಳ ನಾಡಾದ ಲೇಕ್ ಡಿಸ್ಟ್ರಿಕ್ಟಿನ ಹಳ್ಳಿಯೊಂದರಲ್ಲಿ ನನಗೆ ಸಿಕ್ಕ ಮೊದಲ ಸ್ವಾಗತ ಇದು. ಮಳೆಯಲ್ಲಿ ನೆನೆದು ತೊಪ್ಪೆಯಾಗಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬೆಟ್ಟದಿಂದ ಇಳಿದು ಬರುತ್ತಿದ್ದೆ. ಟ್ರ್ಯಾಕ್ಟರ್ ಪಕ್ಕ ನಿಂತಿದ್ದ ಮುದುಕ ನನ್ನ ಮುಖ ನೋಡಲಿಲ್ಲ, ನನ್ನ ಬೆನ್ನ ಹಿಂದಿದ್ದ ಗೇಟು ನೋಡಿದ. ಹಾಕಿರಲಿಲ್ಲ. ವಾಪಸ್ ಹೋಗಿ ಹಾಕಿ ಬಂದೆ. ಆತ ತಲೆ ಕೂಡ ಆಡಿಸಲಿಲ್ಲ.

ಅರ್ಧ ಗಂಟೆ ಬಿಟ್ಟು ಅದೇ ಊರಿನ ವಿಲೇಜ್ ಹಾಲಿಗೆ ಕಾಲಿಟ್ಟೆ. "ಶೂ ಹೊರಗೆ!" ಅಂತ ಟೀ ಹಂಡೆಯ ಹಿಂದಿನಿಂದ ಒಬ್ಬ ಹೆಂಗಸು ಗದರಿಸಿದರು. ಒದ್ದೆ ಕಾಲುಚೀಲದಲ್ಲಿ ಹೋಗಿ ನಿಂತೆ. ಕೇಳದೆಯೇ ದಪ್ಪ ಮಗ್ಗಿನ ತುಂಬ ಟೀ ಕೊಟ್ಟರು, ತಟ್ಟೆಗೆ ಎರಡು ತುಂಡು ಕೇಕ್ ಹಾಕಿದರು. ದುಡ್ಡು ತೆಗೆದರೆ, ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹೊತ್ತು ತರುವ ರೆಸ್ಕ್ಯೂ ತಂಡದ ಡಬ್ಬಿ ಕಡೆ ಬೆರಳು ತೋರಿಸಿದರು, ಅಷ್ಟೇ.

ಇಲ್ಲಿ ಓಡುವವರ ಮಾತು ಕೇಳಿದರೆ ತಮಾಷೆ ಅನಿಸುತ್ತದೆ. ಒಬ್ಬ "ಆ ಊರಿನವರು ಬಲು ಒರಟು" ಅಂತಾನೆ. ಇನ್ನೊಬ್ಬ ಅದೇ ಊರಿನ ಬಗ್ಗೆ "ಅಂಥ ಜನ ಎಲ್ಲೂ ಸಿಗಲ್ಲ" ಅಂತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದು ನಿನ್ನೆ ಮೊನ್ನೆಯ ಕತೆಯೂ ಅಲ್ಲ.

ಮೊದಲು ಈ ಓಟ ಏನು ಅಂತ ಹೇಳಿಬಿಡುತ್ತೇನೆ. ಉತ್ತರ ಇಂಗ್ಲೆಂಡಿನಲ್ಲಿ ಬೆಟ್ಟಕ್ಕೆ 'ಫೆಲ್' ಅನ್ನುತ್ತಾರೆ. ಸಾವಿರ ವರ್ಷದ ಹಿಂದೆ ಬಂದು ನೆಲೆಸಿದ ನಾರ್ಸ್ ಜನರ ಭಾಷೆಯಿಂದ ಉಳಿದ ಪದ. ಫೆಲ್ ರನ್ನಿಂಗ್ ಅಂದರೆ ಬೆಟ್ಟ ಹತ್ತಿ ಇಳಿಯುವ ಓಟ. ಸರಿಯಾದ ದಾರಿ ಇರಬೇಕು ಅಂತೇನಿಲ್ಲ. ಹುಲ್ಲು, ಜೌಗು, ಸಡಿಲ ಕಲ್ಲು, ಮಂಜು. ಜೊತೆಗೆ ಮ್ಯಾಪು, ದಿಕ್ಸೂಚಿ, ಸೀಟಿ, ಮಳೆ ಕೋಟು. ಬಾರೋಡೇಲ್ ಕಣಿವೆಯ ಸೀಥ್‌ವೇಟ್ ಇಂಗ್ಲೆಂಡಿನಲ್ಲಿ ಜನ ಇರುವ ಊರುಗಳ ಪೈಕಿ ಅತಿ ಹೆಚ್ಚು ಮಳೆ ಬೀಳುವ ಜಾಗ, ವರ್ಷಕ್ಕೆ 3,300 ಮಿ.ಮೀ.ಗೂ ಜಾಸ್ತಿ. ಆಗುಂಬೆಯ ಅರ್ಧದಷ್ಟೂ ಇಲ್ಲ ಬಿಡಿ, ತೀರ್ಥಹಳ್ಳಿ ಕಡೆಯವನಾದ ನಾನು ಈ ಲೆಕ್ಕವನ್ನು ಇಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಬೇಜಾರು ಮಾಡಿಸಿದ್ದೇನೆ. ಆದರೆ ಇಲ್ಲಿಯ ಮಳೆ ಐಸಿನ ಹಾಗೆ ಕೊರೆಯುತ್ತದೆ. ಅದು ಬೇರೆ ಮಾತು.

ಹೊರಗಿನವರು ಈ ಊರುಗಳನ್ನು ನೋಡಿ ಹೆದರಿದ್ದು ಹಳೆಯ ಸಂಗತಿ. 1769ರ ಅಕ್ಟೋಬರ್‌ನಲ್ಲಿ ಕವಿ ಥಾಮಸ್ ಗ್ರೇ ಕೆಸ್ವಿಕ್‌ನಿಂದ ಬಾರೋಡೇಲ್ ಕಣಿವೆಗೆ ಹೋದ. ತಲೆ ಮೇಲೆ ಬಾಗಿ ನಿಂತ ಬಂಡೆ ನೋಡಿ ಎದೆ ಝಲ್ ಅಂದಿತು, ಗ್ರೇಂಜ್ ಅನ್ನುವ ಹಳ್ಳಿಯ ಆಚೆ ಹೋಗಲೇ ಇಲ್ಲ. ಆದರೆ ಆ ಹಳ್ಳಿಯಲ್ಲಿ ಒಬ್ಬ ಯುವಕ ರೈತ, ಅವನ ತಾಯಿ ಇಬ್ಬರೂ ಬೆಣ್ಣೆ, ಬಟ್ಟಲು ತುಂಬ ಹಾಲು, ತೆಳ್ಳಗಿನ ಓಟ್ಸ್ ರೊಟ್ಟಿ, ಏಲ್ ಅನ್ನುವ ಬಿಯರ್ ತಂದಿಟ್ಟರು. ಗ್ರೇ ಅದನ್ನು ಬಾಯಿ ಚಪ್ಪರಿಸಿಕೊಂಡು ಬರೆದಿಟ್ಟಿದ್ದಾನೆ. ಆ ರೈತನೋ, ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿದು ಹದ್ದಿನ ಗೂಡು ಕಿತ್ತವನು, ಯಾಕೆಂದರೆ ಹದ್ದು ಕುರಿಮರಿ ಹೊತ್ತೊಯ್ಯುತ್ತಿತ್ತು. ಅಂದರೆ 250 ವರ್ಷದ ಹಿಂದೆಯೂ ಇದೇ ಕತೆ. ನೋಡಲು ಭಯ, ಒಳಗೆ ಹೋದರೆ ಬೆಣ್ಣೆ.

1847ರಲ್ಲಿ ವಿಂಡರ್‌ಮಿಯರ್‌ಗೆ ರೈಲು ಬಂತು. ಅದು ಬರಬಾರದು ಅಂತ ವರ್ಡ್ಸ್‌ವರ್ತ್ ಮೊದಲೇ ಗಲಾಟೆ ಮಾಡಿದ್ದ, ಉಪಯೋಗವಾಗಲಿಲ್ಲ. ಪ್ರವಾಸಿಗರು ಬಂದರು. ಅವರನ್ನು ಬೆಟ್ಟ ಹತ್ತಿಸಲು ಊರ ಹುಡುಗರು ಗೈಡ್ ಆದರು. ಗ್ರಾಸ್‌ಮಿಯರ್ ಹಳ್ಳಿಯಲ್ಲಿ 1852ರಿಂದ ಆಟೋಟದ ಜಾತ್ರೆ ಶುರುವಾಯಿತು. ಕುಸ್ತಿ, ನಾಯಿ ಓಟ, ಆಮೇಲೆ 'ಗೈಡ್ಸ್ ರೇಸ್'. ಎದುರಿಗೆ ಕಾಣುವ ಕಡಿದಾದ ಗುಡ್ಡ ಹತ್ತಿ, ಬಾವುಟ ಸುತ್ತಿ, ಉರುಳಿಕೊಂಡಂತೆ ಇಳಿದು ಬರಬೇಕು. ಒಳ್ಳೆಯ ಓಟಗಾರನಿಗೆ ಕಾಲು ಗಂಟೆಯೂ ಬೇಡ. ಗೆದ್ದವನಿಗೆ ರೊಕ್ಕ, ನೋಡುವವರಿಗೆ ಬಾಜಿ.

ಹಾಗಾಗಿ ಬೆಟ್ಟದ ಓಟ ಊರಿಗೆ ಹೊರಗಿನಿಂದ ಬಂದದ್ದಲ್ಲ. ಕುರಿ ಕಾಯುವವನು, ಕಲ್ಲು ಕ್ವಾರಿಯವನು, ತೋಟದ ಆಳು, ಇವರೇ ಓಡುತ್ತಿದ್ದರು. ಬಿಲ್ ಟೀಸ್‌ಡೇಲ್ ಅನ್ನುವ ಕುರಿಗಾಹಿ ಗ್ರಾಸ್‌ಮಿಯರ್ ಓಟವನ್ನು 11 ಸಲ ಗೆದ್ದ. ಇಂಥವರಿಗೆ ಬೆಟ್ಟ ಓಡುವುದು ಕೆಲಸದ ಮುಂದುವರಿಕೆ ಅಷ್ಟೇ.

ತೊಡಕು ಶುರುವಾದದ್ದು ದುಡ್ಡಿನಿಂದ. ಅಮೆಚೂರ್ ಅಂದರೆ ದುಡ್ಡಿಗಲ್ಲದೆ ಹವ್ಯಾಸಕ್ಕೆ ಓಡುವವನು. ಲಂಡನ್ನಿನಲ್ಲಿ 1866ರಲ್ಲಿ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಕ್ಲಬ್, ಕೈಕೆಲಸ ಕೂಲಿಕೆಲಸ ಮಾಡುವವರನ್ನು ಓಟಕ್ಕೇ ಸೇರಿಸುತ್ತಿರಲಿಲ್ಲ. 1880ರಲ್ಲಿ ಆ ನಿಯಮ ಹೋಯಿತು. ಉಳಿದದ್ದು ಇನ್ನೊಂದು: ಓಡಿ ದುಡ್ಡು ತೆಗೆದುಕೊಂಡವನು ಅಮೆಚೂರ್ ಓಟಗಳಲ್ಲಿ ಓಡುವ ಹಾಗಿಲ್ಲ. ಊರ ಜಾತ್ರೆಯಲ್ಲಿ ನಾಲ್ಕು ಕಾಸು ಗೆದ್ದ ಹುಡುಗ ಇದರಿಂದಾಗಿ 'ಪ್ರೊಫೆಷನಲ್' ಆಗಿಬಿಟ್ಟ. ಪಟ್ಟಣದ ಕ್ಲಬ್ಬಿನಿಂದ ಬಂದವನು ಮಾತ್ರ 'ಶುದ್ಧ'. ಒಂದೇ ಬೆಟ್ಟ, ಎರಡು ಪಂಕ್ತಿ. ಪಂಕ್ತಿಭೇದ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ತನ್ನ ಊರಿನ ಬೆಟ್ಟದಲ್ಲಿ ತನ್ನನ್ನೇ ಹೊರಗಿಟ್ಟು ಓಡಲು ಬಂದವರಿಗೆ ಊರಿನವನು ನಗುಮುಖ ತೋರಿಸಬೇಕು ಅಂತ ಕೇಳಿದರೆ ಹೇಗೆ? ಥ್ರೆಲ್ಕೆಲ್ಡ್ ಹಳ್ಳಿಯ ಕೆನ್ನಿ ಸ್ಟುವರ್ಟ್ ಹೀಗೆ ವರ್ಷಗಟ್ಟಲೆ ಜಾತ್ರೆ ಓಟಗಳಲ್ಲಿ ಮಾತ್ರ ಓಡಿದ. 1980ರ ದಶಕದ ಮೊದಲಲ್ಲಿ ಅವನನ್ನು ಮತ್ತೆ ಅಮೆಚೂರ್ ಅಂತ ಒಪ್ಪಿದರು. ಒಪ್ಪಿದ ಕೆಲವೇ ವರ್ಷದಲ್ಲಿ, 1984ರಲ್ಲಿ, ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಓಟವನ್ನು 1 ಗಂಟೆ 25 ನಿಮಿಷ 34 ಸೆಕೆಂಡಿನಲ್ಲಿ ಮುಗಿಸಿದ. ಆ ದಾಖಲೆಯನ್ನು ಮುರಿಯಲು 40 ವರ್ಷ ಸಾಲಲಿಲ್ಲ.

ಇನ್ನು ಜಮೀನಿನ ವಿಷಯ. ನನ್ನ ಪ್ರಕಾರ ಒರಟುತನದ ಬೇರು ಜಾಸ್ತಿ ಇರುವುದು ಇಲ್ಲೇ.

1932ನ್ನೇ ತಗೊಳ್ಳಿ. ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಸುಮಾರು 400 ಜನ, ಹೆಚ್ಚಿನವರು ದುಡಿಯುವ ಹುಡುಗ ಹುಡುಗಿಯರು, ಹೇಫೀಲ್ಡ್ ಹಳ್ಳಿಯಿಂದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಬೇಕಂತಲೇ ನುಗ್ಗಿದರು. ಅದು ಲೇಕ್ ಡಿಸ್ಟ್ರಿಕ್ಟ್ ಅಲ್ಲ, ಮ್ಯಾಂಚೆಸ್ಟರ್ ಪಕ್ಕದ ಪೀಕ್ ಡಿಸ್ಟ್ರಿಕ್ಟ್. ಬೆಟ್ಟವೆಲ್ಲ ದೊಡ್ಡ ಧಣಿಗಳ ಗ್ರೌಸ್ ಹಕ್ಕಿ ಬೇಟೆಗೆ ಮೀಸಲು. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು. ಆರು ಜನರ ಬಂಧನ, ಐವರಿಗೆ ಜೈಲು. ಅಲ್ಲಿಂದ ಸುಮಾರು ಏಳು ವಾರಕ್ಕೆ, ಜೂನ್ 13ರಂದು, ಕೆಸ್ವಿಕ್‌ನಲ್ಲಿ ಗೆಸ್ಟ್ ಹೌಸ್ ನಡೆಸುತ್ತಿದ್ದ ಬಾಬ್ ಗ್ರಹಾಂ ಊರ ನಡುವಿನ ಮೂಟ್ ಹಾಲಿನಿಂದ ಹೊರಟು 24 ಗಂಟೆಯೊಳಗೆ 42 ಬೆಟ್ಟ ಹತ್ತಿಳಿದು ವಾಪಸ್ ಬಂದ. ಕಾಲಿಗೆ ಟೆನಿಸ್ ಶೂ, ಮೈಗೆ ಪೈಜಾಮದ ಅಂಗಿ, ಹೊಟ್ಟೆಗೆ ಬ್ರೆಡ್ಡು ಬೆಣ್ಣೆ, ಅರೆಬೆಂದ ಮೊಟ್ಟೆ. ಯಾರೂ ತಡೆಯಲಿಲ್ಲ.

ಒಂದೇ ಬೇಸಿಗೆ, ಎರಡು ಬೆಟ್ಟ. ಒಂದು ಕಡೆ ಜೈಲು, ಇನ್ನೊಂದು ಕಡೆ ಚಪ್ಪಾಳೆ. ಪೀಕ್ ಡಿಸ್ಟ್ರಿಕ್ಟಿನಲ್ಲಿ ಮನುಷ್ಯ ಓಡಿದರೆ ಹಕ್ಕಿ ಹಾರಿಹೋಗುತ್ತದೆ, ಬೇಟೆ ಕೆಡುತ್ತದೆ, ಹಾಗಾಗಿ ಕಾವಲು. ಲೇಕ್ ಡಿಸ್ಟ್ರಿಕ್ಟಿನ ಎತ್ತರದ ಬೆಟ್ಟಗಳು ಬಹುಪಾಲು ಕಾಮನ್ಸ್, ನಮ್ಮ ಗೋಮಾಳದ ಥರ, ಕಣಿವೆಯ ರೈತರೆಲ್ಲ ಕುರಿ ಬಿಡುವ ಜಾಗ. ಅಲ್ಲಿ ನಡೆದಾಡಿದರೆ ಯಾರಿಗೂ ಅಂಥ ನಷ್ಟ ಇಲ್ಲ. ಹಾಗಂತ ಇಲ್ಲಿ ಜಗಳವೇ ಇರಲಿಲ್ಲ ಅಂತಲ್ಲ. 1887ರಲ್ಲಿ ದಾರಿ ಮುಚ್ಚಿದರು ಅಂತ ಕೆಸ್ವಿಕ್‌ನ ಪಕ್ಕದ ಲ್ಯಾಟ್ರಿಗ್ ಗುಡ್ಡಕ್ಕೆ ಸುಮಾರು 2,000 ಜನ ಮೆರವಣಿಗೆ ಹೋಗಿದ್ದರು. ಹಾಗೆ ನೋಡಿದರೆ ಕಿಂಡರ್‌ಗೆ ಅಣ್ಣ ಅದು. ಕಿಂಡರ್ ವಿಷಯದಲ್ಲಿ ಡೆವನ್‌ಶೈರ್ ಡ್ಯೂಕ್ ಮನೆತನ ತಪ್ಪಾಯಿತು ಅಂತ ಹೇಳಿದ್ದು 2002ರಲ್ಲಿ, 70 ವರ್ಷ ಬಿಟ್ಟು.

ಕಾಮನ್ಸ್ ಅಂದ ಮಾತ್ರಕ್ಕೆ ಸುಮ್ನೆ ಓಡಿಕೊಂಡಿರಬಹುದಾ? ಇಲ್ಲೇ ಗೇಟಿನ ಕತೆ ಬರುವುದು. ಮೇಲೆ ಬೆಟ್ಟದಲ್ಲಿ ಬೇಲಿ ಇಲ್ಲ. ಹರ್ಡ್ವಿಕ್ ಅನ್ನುವ ಬೂದು ಕುರಿಗಳು ತಮ್ಮ ತಮ್ಮ ಜಾಗ ಬಿಟ್ಟು ಹೋಗುವುದಿಲ್ಲ. ತಾಯಿ ಕುರಿಯಿಂದ ಮರಿ ಕಲಿಯುತ್ತದೆ, ಅದರ ಮರಿ ಅದರಿಂದ. ನೂರಾರು ವರ್ಷದ ಪಾಠ ಅದು. ಕೆಳಗೆ ಕಣಿವೆಯಲ್ಲಿ ಮಾತ್ರ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಪಾಗಾರ, ಅಲ್ಲಲ್ಲಿ ದಾಟಲು ತಡಬೆ, ಗೇಟು. ಏಪ್ರಿಲ್‌ನಲ್ಲಿ ಮರಿ ಹಾಕುವ ಕಾಲ. ಆಗ ಒಂದು ಗೇಟು ತೆರೆದೇ ಉಳಿದರೆ ಎರಡು ಮಂದೆ ಕಲೆತು, ತಾಯಿ ಮರಿ ಬೇರೆಯಾಗಿ, ರೈತನಿಗೆ ದಿನವಿಡೀ ಕೆಲಸ. ಪಾಗಾರ ಹತ್ತಿ ಹಾರಿದರೆ ಕಲ್ಲು ಜಾರುತ್ತದೆ. ಈಗ 2000ದ ಕಾನೂನಿನ ಪ್ರಕಾರ ತೆರೆದ ಬೆಟ್ಟದಲ್ಲಿ ಒಬ್ಬೊಬ್ಬರೇ ಓಡಲು ಹಕ್ಕಿದೆ, ನಿಜ. ಆದರೆ ರೇಸ್ ನಡೆಸಬೇಕಾದರೆ ಜಮೀನಿನವರ ಒಪ್ಪಿಗೆ ಕೇಳಲೇಬೇಕು. ಒಪ್ಪಿಗೆ ಸಿಗುವುದು ಅಡಿಗೆಮನೆಯ ಮೇಜಿನ ಮುಂದೆ ಕೂತು ಟೀ ಕುಡಿಯುವಾಗ.

ರೈತನ ಲೋಕ, ಓಟಗಾರನ ಲೋಕ, ಈ ಎರಡನ್ನೂ ಒಂದೇ ಮೈಯಲ್ಲಿ ಹೊತ್ತಿದ್ದವನು ಜಾಸ್ ನೇಲರ್. 1936ರಲ್ಲಿ ವಾಸ್‌ಡೇಲ್ ಹೆಡ್‌ನಲ್ಲಿ ಹುಟ್ಟಿದ ಕುರಿ ರೈತ. ಬೆನ್ನಿನ ಡಿಸ್ಕ್ ಆಪರೇಷನ್ ಆದವನು. 1960ರಲ್ಲಿ ತನ್ನ ಊರಿಗೆ ಬಂದ ಓಟಕ್ಕೆ, ಮೊಣಕಾಲ ಹತ್ತಿರ ಕತ್ತರಿಸಿದ ಪ್ಯಾಂಟು, ಕೆಲಸದ ಬೂಟು ಹಾಕಿಕೊಂಡೇ ಸೇರಿಕೊಂಡ. 1975ರಲ್ಲಿ 24 ಗಂಟೆಯೊಳಗೆ 72 ಬೆಟ್ಟ. 50ನೇ ವಯಸ್ಸಿನಲ್ಲಿ ಹೆಚ್ಚು ಕಡಿಮೆ ಒಂದೇ ವಾರದಲ್ಲಿ 214 ಬೆಟ್ಟ. ಪಟ್ಟಣದ ಓಟಗಾರರಿಗೆ ಅವನು ದೇವರು, ಕಣಿವೆಯವರಿಗೆ ಪಕ್ಕದ ಮನೆಯವನು. ವಾಸ್‌ಡೇಲ್‌ನಲ್ಲಿ ಊರಿನವರು ಓಟಗಾರರಿಗೆ ಹತ್ತಿರವಾದದ್ದಕ್ಕೆ ಅವನೊಬ್ಬನೇ ಅರ್ಧ ಕಾರಣ ಅಂತ ನನಗೆ ಅನಿಸುತ್ತದೆ. 2024ರ ಜೂನ್‌ನಲ್ಲಿ ತೀರಿಕೊಂಡ.

ಬಾರೋಡೇಲ್‌ನ ಬಿಲ್ಲಿ ಬ್ಲ್ಯಾಂಡ್ ಕಲ್ಲು ಕೆಲಸದವನು. 1982ರಲ್ಲಿ ಬಾಬ್ ಗ್ರಹಾಂನ ಅದೇ 42 ಬೆಟ್ಟಗಳ ಸುತ್ತನ್ನು 13 ಗಂಟೆ 53 ನಿಮಿಷದಲ್ಲಿ ಮುಗಿಸಿದ್ದ. 36 ವರ್ಷ ಅದು ಯಾರ ಕೈಗೂ ಸಿಗಲಿಲ್ಲ. 2018ರಲ್ಲಿ ಸ್ಪೇನಿನ ಕಿಲಿಯನ್ ಜೊರ್ನೆಟ್ 12 ಗಂಟೆ 52 ನಿಮಿಷದಲ್ಲಿ ಮುಗಿಸಿ ಮೂಟ್ ಹಾಲ್ ಮುಂದೆ ಬಂದಾಗ, ಅಲ್ಲಿ ಕಾದಿದ್ದವರಲ್ಲಿ ಬಿಲ್ಲಿಯೂ ಇದ್ದ. ತನ್ನ ದಾಖಲೆ ಮುರಿದವನ ಕೈ ಕುಲುಕಲು.

ಸ್ವಾಗತ ಪೂರ್ತಿ ನಿಂತುಹೋದದ್ದೂ ಉಂಟು. 2001ರ ಕಾಲುಬಾಯಿ ಜ್ವರ. ಲೇಕ್ ಡಿಸ್ಟ್ರಿಕ್ಟ್ ಇರುವ ಕಂಬ್ರಿಯಾದಷ್ಟು ಪೆಟ್ಟು ಬೇರೆ ಯಾವ ಜಿಲ್ಲೆಗೂ ಬೀಳಲಿಲ್ಲ, ಸುಮಾರು 900 ಪ್ರಕರಣ. ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಬೆಟ್ಟ ಬಂದ್, ಓಟ ಬಂದ್, ಹಳ್ಳಿಯ ಬಾಯಲ್ಲಿ ಔಷಧಿಯಲ್ಲಿ ಅದ್ದಿದ ಹುಲ್ಲಿನ ಹಾಸು. ಬೆಟ್ಟದ ಕುರಿ ಒಮ್ಮೆ ಹೋದರೆ ಹೊಸ ಕುರಿ ತಂದು ಬಿಟ್ಟು ಪ್ರಯೋಜನವಿಲ್ಲ, ಅದಕ್ಕೆ ಜಾಗ ಗೊತ್ತಿಲ್ಲವಲ್ಲ. ಆ ವರ್ಷ ಮನೆಯಲ್ಲೇ ಕೂತ ಓಟಗಾರರಲ್ಲಿ ಎಷ್ಟೋ ಜನರಿಗೆ ಗೇಟು ಯಾಕೆ ಹಾಕಬೇಕು ಅನ್ನುವುದು ಆಗ ತಲೆಗೆ ಹೋಯಿತಂತೆ.

2008ರ ಅಕ್ಟೋಬರ್‌ನಲ್ಲಿ ಉಲ್ಟಾ ಆಯಿತು. ಬಾರೋಡೇಲ್‌ನಲ್ಲಿ ಎರಡು ದಿನದ ದೊಡ್ಡ ಓಟ, ಸಾವಿರಾರು ಜನ ಬೆಟ್ಟದ ಮೇಲೆ, ಆಗ ಬಿರುಗಾಳಿ, ಪ್ರವಾಹ. ಓಟ ಅರ್ಧಕ್ಕೇ ನಿಂತಿತು, ನೂರಾರು ಜನ ಕಾಣೆ ಅಂತ ಟಿವಿಯಲ್ಲಿ ಬಂತು. ಹಾನಿಸ್ಟರ್ ಘಾಟಿಯ ಸ್ಲೇಟ್ ಗಣಿಯವರು ಬಾಗಿಲು ತೆರೆದು ನೆನೆದು ಬಂದವರನ್ನು ಒಳಗೆ ಕರೆದುಕೊಂಡರು. ಇಂಥ ಹವಾಮಾನದಲ್ಲಿ ಓಟ ಯಾಕೆ ಬೇಕಿತ್ತು ಅಂತ ಬೈಯುವುದನ್ನೂ ಬಿಡಲಿಲ್ಲ. ಓಟಗಾರರಿಗೆ ಬೈಗುಳ ಅನ್ಯಾಯ ಅನಿಸಿತು, ಬೆಟ್ಟ ಗೊತ್ತಿರುವವರು ಅವರು, ಎಲ್ಲರೂ ಜೀವಂತ ಇಳಿದು ಬಂದರು. ನನಗೆ ಎರಡೂ ಕಡೆ ಸರಿ ಕಾಣುತ್ತದೆ. ಒಲೆ ಹೊತ್ತಿಸಿದವನಿಗೆ ಬೈಯುವ ಹಕ್ಕೂ ಸ್ವಲ್ಪ ಇರುತ್ತದೆ.

ಈಗಿನ ತಕರಾರು ಬೇರೆ ಥರದ್ದು. ಕೆಲವು ಹಳ್ಳಿಗಳಲ್ಲಿ ಅರ್ಧದಷ್ಟು ಮನೆ ರಜೆಗೆ ಬರುವವರದ್ದು, ಚಳಿಗಾಲದಲ್ಲಿ ದೀಪವೇ ಉರಿಯುವುದಿಲ್ಲ. ಊರ ಮಕ್ಕಳಿಗೆ ಮನೆ ಕೊಳ್ಳಲು ಆಗುವುದಿಲ್ಲ. ಬೇಸಿಗೆಯಲ್ಲಿ ಕಾರು ಸಾಲುಗಟ್ಟಿ ಟ್ರ್ಯಾಕ್ಟರಿಗೆ ದಾರಿ ಇಲ್ಲ. ಕುಮಾರಪರ್ವತಕ್ಕೆ ಹೋದವರಿಗೆ ಇದು ಅರ್ಥವಾಗುತ್ತದೆ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಬಡಿಸಿದ ಅನ್ನ ಸಾರು ನೆನೆಯದ ಚಾರಣಿಗನಿಲ್ಲ. ಆದರೆ 2024ರ ಜನವರಿಯಲ್ಲಿ ಸಾಲುಗಟ್ಟಿ ನಿಂತ ಜನರ ಫೋಟೋ ಹರಿದಾಡಿ ಚಾರಣವನ್ನೇ ನಿಲ್ಲಿಸಬೇಕಾಯಿತು.

ಹೋದ ವರ್ಷ ಮತ್ತೆ ಆ ಗೇಟಿನ ಊರಿಗೆ ಹೋಗಿದ್ದೆ. ಗದ್ದೆಯೊಂದನ್ನು ಪಾರ್ಕಿಂಗ್ ಮಾಡಿದ್ದರು, ಬಾಗಿಲಲ್ಲಿ ಅದೇ ಮುದುಕ. ಈ ಸಲ ನನ್ನನ್ನು 'ಮಾರ್ರಾ' ಅಂದ. ಕಂಬ್ರಿಯಾದ ಕಡೆ ಗೆಳೆಯನಿಗೆ ಹಾಗನ್ನುತ್ತಾರೆ, ನನ್ನ ಕಿವಿಗೆ 'ಮಾರಾಯ' ಅಂತಲೇ ಕೇಳಿಸಿತು. "ಆ ಮೂಲೆಗೆ ಹೋಗಬೇಡ, ಹೂತುಹೋಗುತ್ತೆ" ಅಂದ. ನಾನು ಹೋಗಲಿಲ್ಲ. ನನ್ನ ಹಿಂದೆ ಬಂದ ಹೊಳೆಯುವ ಕಾರಿನವರು ಹೋದರು. ಓಟ ಮುಗಿಸಿ ಬರುವ ಹೊತ್ತಿಗೆ ಚಕ್ರ ಅರ್ಧ ಮಣ್ಣಿನೊಳಗೆ. ಮುದುಕ ಟ್ರ್ಯಾಕ್ಟರ್ ತಂದು ಸರಪಳಿ ಕಟ್ಟಿ ಎಳೆದ. ಎಳೆಯುವಷ್ಟು ಹೊತ್ತೂ ಬೈದ. ಅವರು ಪರ್ಸ್ ತೆಗೆದರು, ಬೇಡ ಅಂದು ವಿಲೇಜ್ ಹಾಲಿನ ಕಡೆ ಕೈ ತೋರಿಸಿ, "ಕೇಕ್ ಖಾಲಿಯಾಗುತ್ತೆ, ಬೇಗ ಹೋಗಿ" ಅಂದ.